ಬಿಸಿಲಿಗಿಟ್ಟ ಮಣ್ಣು

ಮಣ್ಣು ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ನನ್ನ ಆರೋಗ್ಯ ವಿಚಾರಿಸುತ್ತಾರೆ, ಎದ್ದು ಹೋಗುವಾಗ ಚಪ್ಪಲಿ ಮೆಟ್ಟುತ್ತ ಮುಖ್ಯ ವಿಷಯಕ್ಕೆ ಬರುತ್ತಾರೆ: "ಸರ್, ಪ್ರಮೋಷನ್ ಎಷ್ಟು ವರ್ಷಕ್ಕ ಆಗ್ತದರಿ?" ನನಗೆ ಮೂವತ್ತು ವರ್ಷದಲ್ಲಿ ಎರಡು ಬಡ್ತಿ ಸಿಕ್ಕವು. ಎರಡು ಸಲವೂ ಅದು ಬೇರೆ ಯಾವನೋ ಶರಣಪ್ಪನಿಗೆ ಬಂದ ಆದೇಶವಿರಬೇಕು, ಇವತ್ತಲ್ಲ ನಾಳೆ ವಾಪಸು ಕೇಳುತ್ತಾರೆ ಎಂದು ಆರು ತಿಂಗಳು ಹೆದರಿಕೊಂಡೇ ಇದ್ದೆ. ಆದ್ದರಿಂದ ಆ ವಿಷಯದಲ್ಲಿ ನಾನು ಹೇಳುವುದು ಏನೂ ಇಲ್ಲ. ಹೇಳಬಹುದಾದದ್ದು ನನ್ನ ತಪ್ಪುಗಳ ಬಗ್ಗೆ. ಅವು ನನ್ನವೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಅವುಗಳಲ್ಲಿ ಒಂದು ತಪ್ಪು ಒಂದು ಹೊಲವನ್ನೇ ಇಲ್ಲವಾಗಿಸುವುದರಲ್ಲಿತ್ತು. ವಾಡಿ ಮತ್ತು ಶಹಾಬಾದ್ ನಡುವೆ ಮಾಣಿಕಮ್ಮ ಎಂಬ ಹೆಣ್ಣುಮಗಳು ಮಾಡಿಕೊಂಡಿದ್ದ ಕರಿಮಣ್ಣಿನ ಹೊಲ ಅದು. ನಾನು ಬರೆದ ಅರ್ಧ ಹಾಳೆಯ ವರದಿಯನ್ನು ನಂಬಿ, ಅದರ ಮೇಲ್ಮಣ್ಣನ್ನೆಲ್ಲ ಕೆರೆದು ಹಳ್ಳಕ್ಕೆ ಸುರಿದು, ಕೆಳಗಿನ ಫರಸಿ ಕಲ್ಲು ತೆಗೆಯಲು ದಿನ ಗೊತ್ತಾಗಿತ್ತು. ಆ ಕಥೆ ಹೇಳಬೇಕಾದರೆ ನಾನು ಎಂಥ ನೌಕರ ಎಂಬುದನ್ನು ಮೊದಲು ಹೇಳಬೇಕು.

ನಾನು ಕೆಲಸಕ್ಕೆ ಸೇರಿದಾಗ ಇದು ಮೈಸೂರು ರಾಜ್ಯ. ಚಿತ್ತಾಪುರದಲ್ಲಿ ಎರಡು ಕೋಣೆಯ ಪರೀಕ್ಷಾ ಕೇಂದ್ರ. ಮೇಲೆ ಶಹಾಬಾದ್ ಫರಸಿ ಹಾಸಿದ ಮಾಳಿಗೆ. ಮುಂದೆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು, ಆದರೆ ಹಳೆಯ ಹೆಸರು ಅಚ್ಚಾದ ಕಾಗದ ಎರಡು ಕಪಾಟು ತುಂಬ ಉಳಿದಿತ್ತು. ಮುಗಿಯುವ ತನಕ ಹಳೆಯ ಹೆಸರಿಗೆ ಗೀಟು ಹೊಡೆದು ಹೊಸದನ್ನು ಬರೆಯಿರಿ ಎಂದು ಮೇಲಿನಿಂದ ಹೇಳಿದರು. ರಾಜ್ಯದ ಹೆಸರಿನ ಮೇಲೆ ಗೀಟು ಹೊಡೆದದ್ದಕ್ಕೆ ನಾಳೆ ಯಾರಾದರೂ ನನ್ನನ್ನೇ ಹಿಡಿದರೆ? ಒಂದು ಇಡೀ ದಿನ ಸ್ಕೇಲು ಹಿಡಿದು ಕುಳಿತಿದ್ದೆ. ಕೇಂದ್ರದ ಅಟೆಂಡರ್ ಭೀಮಶಾ ನನಗಿಂತ ಹತ್ತು ವರ್ಷ ದೊಡ್ಡವನು, ನನಗಿಂತ ನೂರು ಪಾಲು ಧೈರ್ಯವಂತ. "ಹೊಡೀರಿ ಶರಣಪ್ಪನೋರ," ಎಂದ, "ರಾಜ್ಯಕ್ಕ ನೋವಾಗಂಗಿಲ್ಲ."

ಆಗಿನ ಕೆಲಸ ಸರಳ. ರೈತ ಚೀಲದಲ್ಲಿ ಮಣ್ಣು ತರುತ್ತಿದ್ದ, ಇಲ್ಲವೇ ನಾವೇ ಹೋಗಿ ಹೊಲದ ಹತ್ತು ಕಡೆ ಅಗೆದು, ಎಲ್ಲ ಬೆರೆಸಿ ಒಂದು ಬೊಗಸೆ ತರುತ್ತಿದ್ದೆವು. ಒಣಗಿಸುವುದು, ಕಟ್ಟಿಗೆಯ ಕೊಡತಿಯಿಂದ ಕುಟ್ಟುವುದು, ಜರಡಿ ಹಿಡಿಯುವುದು, ಬಾಟಲಿಗೆ ತುಂಬಿ ಚೀಟಿ ಅಂಟಿಸುವುದು. ಆಮೇಲೆ ಉಪ್ಪು ಎಷ್ಟು, ಸುಣ್ಣ ಎಷ್ಟು, ಸಾರ ಎಷ್ಟು ಎಂಬ ಲೆಕ್ಕ. ಮಣ್ಣು ಎಂದರೆ ಜರಡಿಯಲ್ಲಿ ಇಳಿಯುವ ಕಲ್ಲು, ಅಷ್ಟೇ. ಅದರೊಳಗೆ ಜೀವಿಗಳಿವೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಪಾಸಾದ ಮೇಲೆ ಅವುಗಳ ಯೋಗಕ್ಷೇಮ ವಿಚಾರಿಸಿರಲಿಲ್ಲ.

ಅದನ್ನು ವಿಚಾರಿಸುವಂತೆ ಮಾಡಿದವರು ನಮ್ಮ ಮೇಲಧಿಕಾರಿಯಾಗಿ ಬಂದ ಖಾದ್ರಿ ಸಾಹೇಬರು. ಸಣಕಲು ದೇಹ, ದಪ್ಪ ಕನ್ನಡಕ. ಬಂದ ವಾರದಲ್ಲೇ ಮನೆಯಿಂದ ಪ್ರೆಷರ್ ಕುಕ್ಕರ್ ತಂದರು. ಅದರಲ್ಲಿ ಗಂಜಿಯಂಥ ಒಂದು ಪದಾರ್ಥ ಕುದಿಸಿ, ಗಾಜಿನ ತಟ್ಟೆಗಳಿಗೆ ಎರೆದು, ಅದರ ಮೇಲೆ ಮಣ್ಣು ಕದಡಿದ ನೀರಿನ ಹನಿ ಹಾಕಿ ಮುಚ್ಚಿಡುತ್ತಿದ್ದರು. ನಾಲ್ಕು ದಿನ ಬಿಟ್ಟು ತೆಗೆದರೆ ತಟ್ಟೆಯ ತುಂಬ ಬಿಳಿ, ಹಳದಿ, ಗುಲಾಬಿ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಜೀವದ ಸಂಸಾರ. ಸಾಹೇಬರು ಕೂಸಿನ ಮುಖ ನೋಡುವವರ ಹಾಗೆ ಬಗ್ಗಿ ನೋಡುತ್ತಿದ್ದರು.

"ನೋಡು ಶರಣಪ್ಪ, ಇವರಾಗ ಒಬ್ಬ ಹೊಲದಾಗಿನ ಕೂಳಿ ಕಸ ಕರಗಿಸ್ತಾನ, ಒಬ್ಬ ಗಾಳ್ಯಾಗಿನ ಸಾರ ಹಿಡದು ಬೇರಿಗೆ ಕೊಡ್ತಾನ, ಒಬ್ಬ ಮಣ್ಣಿನ ಕಣ ಹಿಡದು ಕೂಡಿಸ್ತಾನ. ಬಿಸಲು ಜಾಸ್ತಿ ಆತು, ಉಪ್ಪು ಜಾಸ್ತಿ ಆತು, ಸುಣ್ಣ ಜಾಸ್ತಿ ಆತು ಅಂದ್ರ ಮೊದಲ ನಾಜೂಕಿನವರು ಹೋಗ್ತಾರ. ಗಟ್ಟಿ ಇದ್ದವರು ಉಳೀತಾರ, ಅವರೇ ಹೆಚ್ಚಾಗ್ತಾರ. ಎಣಿಸಿದ್ರ ಮಂದಿ ಅಷ್ಟೇ ಇರ್ತಾರ. ಆದ್ರ ಊರಾಗ ಕುಂಬಾರ ಹ್ವಾದ, ಬಡಿಗ್ಯಾ ಹ್ವಾದ, ಬರೇ ಕಾವಲಗಾರರೇ ಉಳದ್ರು ಅಂದ್ರ ಊರು ನಡೀತದೇನು?"

ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಮೊದಲ ಪಾಠ ಸೇಡಮ್ಮಿನ ದಾರಿಯಲ್ಲಿ ಆಯಿತು. ತೊಗರಿ ಬೀಜಕ್ಕೆ ಬೆಲ್ಲದ ನೀರಿನಲ್ಲಿ ಕಲಸಿ ಹಚ್ಚುವ ಜೀವಾಣು ಪುಡಿಯ ಪೊಟ್ಟಣಗಳು ಆಗಷ್ಟೇ ಬಂದಿದ್ದವು. ಅವನ್ನು ಮಳಖೇಡದ ಹತ್ತಿರ ಕಾಗಿಣಾ ದಂಡೆಯ ಒಬ್ಬ ಮುದುಕನ ಹೊಲಕ್ಕೆ ಮುಟ್ಟಿಸಬೇಕಿತ್ತು. ಬಸ್ಸಿನೊಳಗೆ ಜನರ ಗದ್ದಲ. ತೊಡೆಯ ಮೇಲಿಟ್ಟುಕೊಂಡರೆ ಯಾರಾದರೂ ಒತ್ತಿ ಪೊಟ್ಟಣ ಒಡೆಯಬಹುದೆಂದು ನನಗೆ ಚಿಂತೆ. ತಗಡಿನ ಟ್ರಂಕಿಗೆ ಹಾಕಿ ಬಸ್ಸಿನ ಟಪ್ಪಿನ ಮೇಲೆ ಕಟ್ಟಿಸಿದೆ. ಬೇಸಗೆಯ ಕೊನೆ. ಇಳಿಸಿದಾಗ ಪೊಟ್ಟಣಗಳು ಹಂಚಿನಿಂದ ತೆಗೆದ ರೊಟ್ಟಿಯ ಹಾಗಿದ್ದವು. ಒಡೆದಿಲ್ಲವಲ್ಲ ಎಂದು ಸಮಾಧಾನಪಟ್ಟೆ. ಅರ್ಧ ಹೊಲಕ್ಕೆ ಪುಡಿ ಹಚ್ಚಿದ ಬೀಜ, ಇನ್ನರ್ಧಕ್ಕೆ ಹಚ್ಚದ್ದು.

ಎರಡು ತಿಂಗಳ ಮೇಲೆ ಹೋಗಿ ಗಿಡ ಕಿತ್ತು ನೋಡಿದರೆ ಎರಡೂ ಕಡೆ ಆ ಜೀವಾಣುಗಳು ಬೇರಿನಲ್ಲಿ ಕಟ್ಟುವ ಗಂಟುಗಳು ಒಂದೇ ಸಮ. ಮುದುಕ ಬೇರನ್ನು ಬಿಸಿಲಿಗೆ ಹಿಡಿದು ನೋಡಿ ಹೇಳಿದ: "ನೀವು ತಂದ ಮಂದಿ ಎಲ್ಲಿ ಹ್ವಾದ್ರೋ ತಿಳೀವಲ್ದು ಸಾಹೇಬ್ರ. ನಮ್ಮ ಮಂದಿ ಮಾತ್ರ ಎರಡೂ ಕಡಿ ದುಡದಾರ ನೋಡ್ರಿ."

ಸಾಹೇಬರಿಗೆ ಹೇಳಿದೆ. ಅವರು ಬಸ್ಸಿನ ಟಪ್ಪಿನ ವಿಷಯ ಕೇಳಿ ಹಣೆ ಚಚ್ಚಿಕೊಂಡರು, ಆಮೇಲೆ ನಕ್ಕರು. "ಮುದುಕಂದು ಖರೇ ಅದ. ಅಲ್ಲಿನವರು ಆ ಬಿಸಲು ಕಂಡವರು. ನೀ ಒಯ್ದವರು ಪರಊರಿನವರು, ದಾರ್ಯಾಗೇ ಮುಗಿಸಿದಿ." ಅಂದಿನಿಂದ ಪೊಟ್ಟಣಗಳು ಹಸಿ ಉಸುಕಿನ ಗಡಿಗೆಯಲ್ಲಿ, ನನ್ನ ತೊಡೆಯ ಮೇಲೆ ಪ್ರಯಾಣ ಮಾಡಿದವು.

ಎರಡನೆಯ ಪಾಠ ಚಿಂಚೋಳಿಯಲ್ಲಿ. ಚಂದಾಪುರದ ಆಚೆ ಅಡವಿಯ ಅಂಚಿಗೆ ಸಾಹೇಬರು ನನ್ನನ್ನು ಕರೆದೊಯ್ದು, ಎಲೆ ಕೊಳೆತ ಅಡವಿಯ ಮಣ್ಣು ಒಂದು ಗಡಿಗೆ, ಅಲ್ಲಿಂದ ಐವತ್ತು ಹೆಜ್ಜೆ ಆಚೆ ಗಿಡ ಕಡಿದು ಬೋಳಾದ ಕೆಂಪು ನೆಲದ ಮಣ್ಣು ಒಂದು ಗಡಿಗೆ ತುಂಬಿಸಿದರು. ಅಗೆದವರು ಅವರೇ. ನನ್ನ ಕೈಗೆ ಕೊಡೆ ಕೊಟ್ಟರು. ನಾನು ಇಡೀ ದಾರಿ ಭಕ್ತಿಯಿಂದ ಸಾಹೇಬರ ತಲೆಯ ಮೇಲೆ ಕೊಡೆ ಹಿಡಿದು ನಡೆದೆ. ಬಸ್ ನಿಲ್ದಾಣ ಮುಟ್ಟಿದ ಮೇಲೆ ಅವರು ನಿಟ್ಟುಸಿರು ಬಿಟ್ಟು, "ಕೊಡಿ ನನಗಲ್ಲಪ್ಪಾ, ಗಡಿಗಿಗೆ," ಎಂದರು. ವಾರದ ಮೇಲೆ ಅಡವಿಯ ತಟ್ಟೆ ತೆಗೆದರೆ ರಂಗೋಲಿ. ಬೋಳು ನೆಲದ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು, ಅದೂ ಒಂದೇ ಬಣ್ಣ.

ಇಷ್ಟು ಕಲಿತವನು ಮುಂದೆ ಮಾಡಿದ್ದನ್ನು ಕೇಳಿ.

ಒಂದು ಫೆಬ್ರವರಿಯ ಬೆಳಿಗ್ಗೆ ಮಾಣಿಕಮ್ಮ ಮತ್ತು ಅವಳ ಮೈದುನ ಬಸಣ್ಣ ನಮ್ಮ ಕೇಂದ್ರಕ್ಕೆ ಬಂದರು. ಬಾಗಿಲಲ್ಲೇ ಜಗಳವಾಡುತ್ತ ಬಂದರು ಎಂದರೆ ಸರಿ. ಮಾಣಿಕಮ್ಮನ ಗಂಡ ತೀರಿಕೊಂಡು ಕೆಲವು ವರ್ಷ ಆಗಿತ್ತು. ಹೊಲ ಇಬ್ಬರದೂ ಕೂಡಿ ಇದ್ದದ್ದು; ಉಳುಮೆಯ ಹೊಣೆಯೆಲ್ಲ ಅವಳದು. ಬಸಣ್ಣ ಖಣಿಯಲ್ಲಿ ಕಲ್ಲು ಎಬ್ಬಿಸುವ ಕೆಲಸ ಮಾಡುತ್ತಿದ್ದ. ಹೊಲದ ಪಡುವಣ ಬದಿಗೆ ಒಂದು ಸುಣ್ಣದ ಭಟ್ಟಿ ಎದ್ದ ಮೇಲೆ ಧೂಳು ಬಂದು ಕೂತು, ಆ ಬದಿಯ ಜೋಳ ವರ್ಷವರ್ಷ ಬಿಳಿಚಿಕೊಳ್ಳುತ್ತಿತ್ತು. ಹೊಲ ಬಿಟ್ಟುಕೊಟ್ಟರೆ ಬಸಣ್ಣನಿಗೆ ಕಾಯಂ ಕೆಲಸ ಕೊಡುತ್ತೇನೆಂದು ಖಣಿಯ ಗುತ್ತೇದಾರ ಆಸೆ ತೋರಿಸಿದ್ದ.

"ಸತ್ತ ಹೊಲಕ್ಕ ನೀರು ಎರದಂಗ ಆಗ್ಯಾದರಿ ನಮ್ಮ ಬಾಳೇವು," ಎಂದ ಬಸಣ್ಣ. "ವೈನಿ ಕೇಳವಲ್ಲಳು."

"ಸತ್ತದ ಅಂತ ನಿನಗ ಯಾರು ಹೇಳಿದ್ರು? ನೀ ನಾಡಿ ಹಿಡದು ನೋಡಿದ್ಯಾ?" ಎಂದಳು ಮಾಣಿಕಮ್ಮ. ನನ್ನ ಕಡೆ ತಿರುಗಿದಳು: "ನೀವು ಮಣ್ಣಿನ ಡಾಕ್ಟರ ಅಂತಲ್ರಿ? ನೋಡಿ ಹೇಳ್ರಿ. ಜೀವ ಅದ ಅಂದ್ರ ಹೊಲ ಇರ್ಲಿ. ಇಲ್ಲ ಅಂದ್ರ ನಾ ಒಂದು ಮಾತ ಆಡಂಗಿಲ್ಲ, ಅವ ಒಯ್ದು ಖಣಿಗೆ ಕೊಡ್ಲಿ."

ಬಸಣ್ಣನೂ ಒಪ್ಪಿದ. ಹೀಗೆ ಒಂದು ಮನೆಯ ನ್ಯಾಯ ನನ್ನ ಕೈಗೆ ಬಂತು. ಸಾಹೇಬರು ಅದೇ ದಿನ ಧಾರವಾಡಕ್ಕೆ ತರಬೇತಿಗೆ ಹೊರಟಿದ್ದರು. "ಗೇಣು ಆಳ ಅಗದು ತೇವ ಇದ್ದಲ್ಲಿಂದ ತಗೋ. ನಾ ಬಂದ ಮ್ಯಾಲ ತಟ್ಟಿಗೆ ಹಾಕೋಣು," ಎಂದಷ್ಟೇ ಹೇಳಿ ಹೋದರು.

ಅಗೆದೆ. ಭಟ್ಟಿಯ ಬದಿ, ನಡು, ಮೂಡಣ ತುದಿ ಎಂದು ಹತ್ತು ಕಡೆ ಅಗೆದು, ರೂಢಿಯಂತೆ ಎಲ್ಲವನ್ನೂ ಬೆರೆಸಿ ಒಂದೇ ಚೀಲಕ್ಕೆ ತುಂಬಿದೆ. ಕರಿಮಣ್ಣು, ಮೇಲೆ ಒಣಗಿದ್ದರೂ ಒಳಗೆ ತಣ್ಣಗೆ ಹಸಿಯಾಗಿತ್ತು. ಚಿತ್ತಾಪುರಕ್ಕೆ ತಂದು ನೋಡಿದಾಗ ನನಗೆ ಚಿಂತೆ ಹತ್ತಿತು. ಹಸಿ ಹೆಂಟೆ ಚೀಲದಲ್ಲಿ ಬೂಷ್ಟು ಹಿಡಿದರೆ? ಸಾಹೇಬರು ಬಂದು ಮೂಗು ಮುಚ್ಚಿಕೊಂಡರೆ? ರೂಢಿಯಲ್ಲಿ ಮಣ್ಣನ್ನು ಒಳಗೆ ನೆರಳಲ್ಲಿ ಹರವುತ್ತಿದ್ದೆವು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಮಾಳಿಗೆಯ ಫರಸಿಯ ಮೇಲೆ ತೆಳ್ಳಗೆ ಹರವಿದೆ. ಮಧ್ಯಾಹ್ನ ಅಲ್ಲಿ ಬರಿಗಾಲು ಇಡಲು ಆಗುತ್ತಿರಲಿಲ್ಲ. ನಾನೇ ಚಪ್ಪಲಿ ಹಾಕಿಕೊಂಡು ಹೋಗಿ ಮಗುಚಿ ಬರುತ್ತಿದ್ದೆ. ಸಾಹೇಬರು ಬರುವುದು ಒಂದು ವಾರ, ಎರಡು ವಾರ ಮುಂದೆ ಹೋಯಿತು. ದಿನವೂ ಮಣ್ಣಿಗೆ ಬಿಸಿಲು.

"ಹಪ್ಪಳ ಒಣಗಸಲಿಕತ್ತೀರೇನ್ರಿ?" ಎಂದ ಭೀಮಶಾ.

"ಅಚ್ಚುಕಟ್ಟಾಗಿ ಇರಬೇಕಲ್ಲೋ ಮಾರಾಯ."

ಸಾಹೇಬರು ಬರುವಷ್ಟರಲ್ಲಿ ಮಣ್ಣು ಕುಟ್ಟಿ, ಜರಡಿ ಹಿಡಿದು, ಬಾಟಲಿಯಲ್ಲಿ ತುಂಬಿ, ದುಂಡನೆಯ ಅಕ್ಷರದ ಚೀಟಿ ಅಂಟಿಸಿದ್ದೆ. ಚೀಟಿಯನ್ನು ಅವರು ಹೊಗಳಿದರು. ಎಲ್ಲ ಮಣ್ಣೂ ಬಾಟಲಿಯಲ್ಲೇ ಇರುತ್ತಿದ್ದರಿಂದ ಅದು ಹೇಗೆ ಬಾಟಲಿ ಸೇರಿತೆಂದು ಕೇಳಲಿಲ್ಲ. ನಾನು ಹೇಳಲೂ ಇಲ್ಲ. ತಟ್ಟೆಗಳು ಖಾಲಿ ಬಂದವು. ಅಲ್ಲೊಂದು ಇಲ್ಲೊಂದು ಬೂದು ಚುಕ್ಕೆ, ಎಲ್ಲ ಒಂದೇ ಜಾತಿ. ಎರಡನೆಯ ಸಲ ಹಾಕಿದರೂ ಅಷ್ಟೇ. ಸಾಹೇಬರು ಬೇಸರದಿಂದ, "ಭಟ್ಟಿ ತಿಂದು ಹಾಕ್ಯಾದ," ಎಂದರು. ನಾನು ವರದಿ ಬರೆದೆ: ಮಣ್ಣಿನ ಜೀವಚಟುವಟಿಕೆ ಬಹುತೇಕ ನಿಂತಿದೆ. ಇಲ್ಲಿಗೆ ನಿಲ್ಲಿಸಬಹುದಿತ್ತು. ವರದಿ ಚಿಕ್ಕದಾಯಿತೆಂದು ಅನಿಸಿ, ಬೇಸಾಯಕ್ಕೆ ಯೋಗ್ಯವಲ್ಲ ಎಂಬ ಸಾಲನ್ನು ನಾನೇ ಸೇರಿಸಿದೆ. ಬಸಣ್ಣ ಬಂದು ಒಯ್ದ. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಅಡ್ಡಮಳೆ ಬಂತು. ಮರುದಿನ ಕಚೇರಿ ತೆರೆಯುವ ಹೊತ್ತಿಗೆ ಮಾಣಿಕಮ್ಮ ಮೆಟ್ಟಿಲ ಮೇಲೆ ಕುಳಿತಿದ್ದಳು, ಮಡಿಲಲ್ಲಿ ಬಟ್ಟೆ ಮುಚ್ಚಿದ ಗಡಿಗೆ. ನನ್ನನ್ನು ನೋಡಿಯೂ ನೋಡದಂತೆ ನೇರ ಸಾಹೇಬರ ಮೇಜಿನ ಮೇಲೆ ಅದನ್ನಿಟ್ಟಳು.

"ಮೂಸಿ ನೋಡ್ರಿ."

ಸಾಹೇಬರು ಕನ್ನಡಕ ತೆಗೆದು ಗಡಿಗೆಯೊಳಗೆ ಮೂಗು ಇಟ್ಟರು. ಕೋಣೆಯ ತುಂಬ ಮೊದಲ ಮಳೆಯ ವಾಸನೆ.

"ನಮ್ಮ ಹೊಲದ್ದು. ನಿನ್ನಿ ಮಳಿ ಆದ ಮ್ಯಾಲ ತುಂಬೀನಿ," ಎಂದಳು. "ಸತ್ತದ್ದು ಹಿಂಗ ವಾಸನಿ ಬರ್ತದೇನ್ರಿ? ಸತ್ತದ್ರ ವಾಸನಿ ಹ್ಯಾಂಗ ಇರ್ತದ ನನಗ ಗೊತ್ತದ. ನಾ ಓದಿಲ್ರಿ. ಮೂಗು ಅದ."

ಸಾಹೇಬರು ಮೂಗು ಎತ್ತಲಿಲ್ಲ. ಆ ವಾಸನೆ ಮಣ್ಣಿನ ಜೀವಿಗಳ ಕೈವಾಡ ಎಂದು ನಮಗೆ ಪಾಠ ಮಾಡಿದವರೇ ಅವರು. ಅದೊಂದರಿಂದಲೇ ಹೊಲ ಬದುಕಿದೆ ಎಂದು ಹೇಳಲಾಗದು, ಆದರೆ ಅನುಮಾನ ಹುಟ್ಟಲು ಸಾಕು. ಗಡಿಗೆಯೊಳಗಿಂದಲೇ ಕೇಳಿದರು: "ಶರಣಪ್ಪ, ಆ ಮಣ್ಣು ಹ್ಯಾಂಗ ಒಣಗಿಸಿದಿ?"

ಹೇಳಿದೆ. ಮಾಳಿಗೆ, ಫರಸಿ, ಎರಡು ವಾರದ ಬಿಸಿಲು, ಹತ್ತು ಕಡೆಯ ಮಣ್ಣು ಒಂದೇ ಚೀಲ, ಎಲ್ಲ. ಹೇಳುತ್ತ ಹೇಳುತ್ತ ನನಗೇ ಅರ್ಥವಾಯಿತು. ಪೊಟ್ಟಣದಲ್ಲಿದ್ದ ಜೀವಿಗೆ ಬಿಸಿಲು ಆಗುವುದಿಲ್ಲ ಎಂದು ಕಲಿತವನು, ಹೊಲದ ಜೀವಿಗೂ ಅದೇ ಬಿಸಿಲು ಎಂದು ಯೋಚಿಸಿರಲಿಲ್ಲ. ಒಣಗಿಸು, ಕುಟ್ಟು, ಜರಡಿ ಹಿಡಿ ಎಂಬ ಹಳೆಯ ರೂಢಿಯಂತೆ ಕೈ ಕೆಲಸ ಮಾಡಿತ್ತು.

ಸಾಹೇಬರು ಬೈಯಲಿಲ್ಲ. "ನಾವು ಪರೀಕ್ಷೆ ಮಾಡಿದ್ದು ಈಕಿ ಹೊಲ ಅಲ್ಲ," ಎಂದರು. "ನಮ್ಮ ಮಾಳಿಗಿ. ನಾನೂ ಕೇಳಬೇಕಿತ್ತು, ಕೇಳಲಿಲ್ಲ."

"ಬರೋ ಸೋಮವಾರ ಗುತ್ತೇದಾರನ ಮಂದಿ ಬರ್ತಾರ," ಎಂದಳು ಮಾಣಿಕಮ್ಮ. "ಮ್ಯಾಲಿನ ಮಣ್ಣೆಲ್ಲ ತಗದು ಹಳ್ಳಕ್ಕ ಹಾಕ್ತಾರಂತ. ಹಾಕಿದ ಮ್ಯಾಲ ನೀವು ತಪ್ಪಾತು ಅಂದ್ರ ನಾ ಹಳ್ಳದಾಗ ಬಿತ್ಲೇನು?"

ಮರುದಿನವೇ ನಾನೂ ಭೀಮಶಾನೂ ರೈಲು ಹತ್ತಿದೆವು. ವಾಡಿಯಲ್ಲಿ ಗಾಡಿ ಬದಲಿಸಬೇಕು. ನಿಲ್ದಾಣದ ಬೆಂಚಿನ ಮೇಲೆ ಕುಳಿತು ಬಸಣ್ಣನಿಗೆ ಏನು ಹೇಳಬೇಕೆಂದು ಕಾಗದದಲ್ಲಿ ಬರೆಯತೊಡಗಿದೆ. ಮಾದರಿ ಸಂಗ್ರಹಣೆಯ ಕ್ರಮದಲ್ಲಿ ಉಂಟಾದ ಕೆಲವು ವ್ಯತ್ಯಾಸಗಳ ಕಾರಣ... ಭೀಮಶಾ ಇಣುಕಿ ನೋಡಿದ.

"ಎರಡ ಶಬ್ದ ಅವ ಶರಣಪ್ಪನೋರ. ನಂದು ತಪ್ಪು. ಅದಕ್ಕ ಹಾಳಿ ತುಂಬ ಯಾಕ ಬರೀಲಿಕತ್ತೀರಿ?"

ಬಸಣ್ಣನ ಮನೆಯ ಕಟ್ಟೆಯ ಮೇಲೆ ಕುಳಿತು ಆ ಎರಡು ಶಬ್ದಗಳನ್ನೇ ಹೇಳಿದೆ. ಅವನು ಎದ್ದು ಒಳಗೆ ಹೋಗಿ ಬಂದ. ಕೈಯಲ್ಲಿ ನನ್ನದೇ ವರದಿ.

"ಈ ಕಾಗದಕ್ಕ ಠಸೆ ಅದ. ನಿಮ್ಮ ಬಾಯಿಗೆ ಠಸೆ ಅದೇನ್ರಿ? ಒಮ್ಮೆ ಸತ್ತದ ಅಂತೀರಿ, ಒಮ್ಮೆ ಇಲ್ಲ ಅಂತೀರಿ. ನಾಳಿಗೆ ಇನ್ನೊಂದು ಕಾಗದ ತರ್ತೀರಿ. ನಾ ಯಾವುದಕ್ಕ ನಂಬ್ಲಿ? ನಾನೇನು ಖುಷಿಲೆ ಕೊಡಲಿಕತ್ತೀನಿ ಅಂತ ತಿಳದೀರೇನು? ನಮ್ಮಪ್ಪ ಗಳೇ ಹೊಡದ ಹೊಲ ಅದು."

"ಕಾಗದ ನಂಬಬ್ಯಾಡ್ರಿ," ಎಂದೆ. ಹೊರಡುವಾಗ ಸಾಹೇಬರು ಇದನ್ನು ಕಲಿಸಿ ಕಳಿಸಿದ್ದರು. "ಅರಿವಿ ಹೂಳ್ರಿ. ಮಣ್ಣಿನ್ಯಾಗ ಜೀವ ಇದ್ರ ಹತ್ತಿ ಅರಿವಿ ತಿಂದು ಹಾಕ್ತಾವ. ಇಲ್ಲಂದ್ರ ಇಟ್ಟಂಗೇ ಇರ್ತದ. ನೀವೇ ಹೂಳ್ರಿ, ನೀವೇ ತಗೀರಿ. ನಾ ಮುಟ್ಟಂಗಿಲ್ಲ."

ಬಸಣ್ಣ ನಕ್ಕ. "ಧೋತರ ಹೂತು ಹೊಲದ ನಾಡಿ ನೋಡೋದೇನ್ರಿ?" ಆದರೆ ಒಳಗೆ ಹೋದ. ನಾನು ತಂದಿದ್ದ ಬಟ್ಟೆಯನ್ನು ಅವನು ಮುಟ್ಟಲಿಲ್ಲ. ಮೊದಲೇ ಕೊಳೆತು ಲಡ್ಡಾದದ್ದನ್ನು ತಂದಿರಬಹುದೆಂಬ ಅನುಮಾನ. ತನ್ನದೇ ಹೊಸ ಕೋರಾ ಧೋತರ ತಂದು ಚರಚರ ಹರಿದು ಐದು ಪಟ್ಟಿ ಮಾಡಿದ. ಯಾರೂ ಬದಲಿಸಬಾರದೆಂದು ಪ್ರತಿ ಪಟ್ಟಿಯ ತುದಿಗೆ ಖಣಿಯವರು ಹಗ್ಗಕ್ಕೆ ಹಾಕುವ ಗಂಟನ್ನು ಬಿಗಿದ. ಜೂನಿನಲ್ಲಿ ಮಿರಗದ ಮಳೆ ಬಿದ್ದ ಮೇಲೆ ಹೂಳುವುದು, ಒಂದೂವರೆ ತಿಂಗಳು ಬಿಟ್ಟು ತೆಗೆಯುವುದು, ಅಲ್ಲಿಯ ತನಕ ಗುತ್ತೇದಾರನಿಗೆ ತಡಿ ಎನ್ನುವುದು ಎಂದು ಮಾತಾಯಿತು. ಗುತ್ತೇದಾರ ಕಾಯಂ ಕೆಲಸ ಬೇರೆಯವನಿಗೆ ಕೊಟ್ಟರೆ ಅದರ ಪಾಪ ನಿಮಗೆ ಎಂದ ಬಸಣ್ಣ. ಆ ಚಿಂತೆಯನ್ನೂ ನನ್ನ ಚಿಂತೆಗಳ ಗಂಟಿಗೆ ಸೇರಿಸಿಕೊಂಡು ಬಂದೆ.

ನನ್ನ ನೌಕರಿಯ ಅತಿ ಉದ್ದದ ತಿಂಗಳುಗಳು ಅವು. ಮಳೆ ಬಾರದಿದ್ದರೆ ಬಟ್ಟೆ ಕೊಳೆಯುವುದಿಲ್ಲ ಎಂಬ ಚಿಂತೆ. ಬಂದರೆ ಹೆಚ್ಚಾಗಿ ನೀರು ನಿಂತು ಉಸಿರುಗಟ್ಟುತ್ತದೆ ಎಂಬ ಚಿಂತೆ. ಈ ನಡುವೆ ಹೊಲದಿಂದ ಮಣ್ಣನ್ನು ಈ ಸಲ ಬೇರೆ ಬೇರೆ ಗಡಿಗೆಯಲ್ಲಿ, ಹಸಿಯಾಗಿ, ಕೊಡೆಯ ನೆರಳಿನಲ್ಲಿ ತಂದೆ. ಮೂಡಣ ತುದಿಯ ತಟ್ಟೆಗಳು ತುಂಬಿ ಬಂದವು, ನಡುವಿನವು ಅರ್ಧ, ಭಟ್ಟಿಯ ಬದಿಯವು ಬೂದು ಚುಕ್ಕೆಗಳಷ್ಟೇ. ನಾನು ಕುಣಿದಾಡಿದೆ. ಸಾಹೇಬರು ತಡೆದರು: "ತಟ್ಟಿ ಹೇಳೋದು ಮಂದಿ ಇದ್ದಾರ ಅಂತ. ಅವರು ದುಡೀತಾರೋ ಇಲ್ಲೋ ಅನ್ನೋದು ಅರಿವಿ ಹೇಳ್ಬೇಕು."

ಈಗಿನ ಹುಡುಗರಿಗೆ ಇದು ವಿಚಿತ್ರ ಅನಿಸಬಹುದು. ನಾನು ನಿವೃತ್ತನಾಗುವ ಹೊತ್ತಿಗೆ ನಮ್ಮ ಎರಡು ಕೋಣೆಗೂ ಫ್ರಿಜ್ ಬಂತು, ಮಣ್ಣು ತರಲು ಮಂಜುಗಡ್ಡೆಯ ಡಬ್ಬಿ ಬಂತು, ಕುಕ್ಕರ್ ಸಾಹೇಬರ ಮನೆಗೆ ವಾಪಸು ಹೋಗಿ ಬೇಳೆ ಬೇಯಿಸತೊಡಗಿತು. ಒಳ್ಳೆಯದೇ. ಆದರೆ ಯಂತ್ರಕ್ಕೆ ಮಣ್ಣು ಬರುವುದು ಯಾರದೋ ಕೈಯಿಂದ. ಆ ಕೈ ಎಲ್ಲಿ ಅಗೆಯಿತು, ಎಲ್ಲೆಲ್ಲಿಯದನ್ನು ಬೆರೆಸಿತು, ದಾರಿಯಲ್ಲಿ ಎಲ್ಲಿಟ್ಟಿತು ಎಂದು ಯಂತ್ರ ಕೇಳುವುದಿಲ್ಲ. ನೀವು ಕೇಳಬೇಕು. ವಿಶೇಷವಾಗಿ ಆ ಕೈ ನಿಮ್ಮದೇ ಆಗಿದ್ದಾಗ.

ತೆಗೆಯುವ ದಿನ ಬಂತು. ಮೋಡ ಕವಿದ ಬೆಳಿಗ್ಗೆ. ಹೊಲದಲ್ಲಿ ತೊಗರಿ ಗೇಣುದ್ದ ಎದ್ದಿತ್ತು; ಖಣಿಗೆ ಹೋಗುವ ಹೊಲಕ್ಕೆ ಮಾಣಿಕಮ್ಮ ಯಾರನ್ನೂ ಕೇಳದೆ ಬಿತ್ತಿಬಿಟ್ಟಿದ್ದಳು. ಬಸಣ್ಣನ ಕೈಯಲ್ಲಿ ಸಲಿಕೆ, ಭೀಮಶಾನ ಬಾಯಲ್ಲಿ ಎಲೆಅಡಿಕೆ, ನನ್ನ ಬಾಯಿ ಒಣಗಿತ್ತು. ಸಾಹೇಬರು ಕಚೇರಿಯಲ್ಲೇ ಉಳಿದಿದ್ದರು. "ಬರೆದವನು ನೀನು, ನೀನೇ ಹೋಗು" ಎಂದಿದ್ದರು.

ಮೊದಲನೆಯ ಪಟ್ಟಿ ಭಟ್ಟಿಯ ಬೇಲಿಯ ಪಕ್ಕ. ಮೇಲೆ ಸುಣ್ಣದ ಧೂಳು ಮಳೆ ಕುಡಿದು ಹೆಪ್ಪುಗಟ್ಟಿ ಬಿಳಿ ಪದರಾಗಿತ್ತು. ಅದನ್ನು ಒಡೆದು ಎಳೆದರೆ ಪಟ್ಟಿ ಹೂತ ದಿನದ ಹಾಗೇ ಬಂತು. ಬಸಣ್ಣ ಝಾಡಿಸಿದ. ಹಿಡಿದು ಜಗ್ಗಿದ, ಹರಿಯಲಿಲ್ಲ.

"ತಗೊಳ್ರಿ ಸಾಹೇಬ್ರ. ಒಗದ್ರ ಉಟ್ಕೊಬಹುದು."

ಎರಡನೆಯದೂ ಹೆಚ್ಚುಕಡಿಮೆ ಹಾಗೇ. ಮಾಣಿಕಮ್ಮ ಸೆರಗು ಬಿಗಿದುಕೊಂಡು ಮುಂದೆ ನಡೆದಳು; ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಭೀಮಶಾ ಎಲೆ ಅಗಿಯುವುದನ್ನು ನಿಲ್ಲಿಸಿದ. ಮೂರನೆಯದು ಹೊಲದ ನಡುವೆ. ಕಂದು, ಗುಲಾಬಿ ಕಲೆಗಳು, ಬೆರಳು ತೂರುವಷ್ಟು ತೂತುಗಳು. ಬಸಣ್ಣ ಅದನ್ನು ಎತ್ತಿ ಹಿಡಿದು ಆಕಾಶ ನೋಡಿದ. ನಾಲ್ಕನೆಯದನ್ನು ಎಳೆದಾಗ ಕೈಗೆ ಬಂದದ್ದು ನಾಲ್ಕು ನೂಲು.

ಐದನೆಯದನ್ನು ಅವನು ಬೇಕೆಂದೇ ಮೂಡಣ ಬದಿಯಲ್ಲಿ ಬೆಳೆ ಸದಾ ಕುಗ್ಗಿರುತ್ತಿದ್ದ ಒಂದು ಜಾಗ ಹುಡುಕಿ ಹೂತಿದ್ದ. ಅಗೆದ, ಸಿಗಲಿಲ್ಲ. ಇನ್ನೂ ಅಗಲಕ್ಕೆ ಅಗೆದ, ಸಿಗಲಿಲ್ಲ. ಸಲಿಕೆ ಒಗೆದು ನಿಂತ.

"ಯಾರೋ ತಗೊಂಡು ಹೋಗ್ಯಾರ. ಇದು ಮೋಸ."

"ತಗೊಂಡವರು ಎಲ್ಲೂ ಹೋಗಿಲ್ಲ," ಎಂದಳು ಮಾಣಿಕಮ್ಮ. "ಕೈ ಹಾಕಿ ನೋಡು."

ಬಸಣ್ಣ ಮೊಣಕಾಲೂರಿ ಕುಳಿತು ಬೆರಳಿನಿಂದ ಮಣ್ಣನ್ನು ಕೆದಕಿದ. ಕೊನೆಗೆ ಒಂದು ಸಣ್ಣ ಕರಿ ಉಂಡೆ ಸಿಕ್ಕಿತು. ಹೆಬ್ಬೆರಳಿನಿಂದ ಒರೆಸಿದ. ಬಿಗಿಯಾಗಿದ್ದ ಗಂಟು, ಅದೊಂದನ್ನು ಮಾತ್ರ ಮಣ್ಣಿನ ಜೀವಿಗಳಿಗೆ ಇನ್ನೂ ಬಿಚ್ಚಲಾಗಿರಲಿಲ್ಲ. ಪಟ್ಟಿಯೆಲ್ಲ ಮಣ್ಣಾಗಿತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಗಂಟು ನಂದೇ," ಎಂದ.

ದೂರದಲ್ಲಿ ಭಟ್ಟಿಗೆ ಕಲ್ಲು ಸುರಿಯುವ ಸದ್ದು. ಬಸಣ್ಣ ಗುಂಡಿಯ ಅಂಚಿನಲ್ಲಿ ಕುಳಿತೇ ಇದ್ದ. ಆಮೇಲೆ ಅತ್ತಿಗೆಯ ಕಡೆ ನೋಡದೆ ಹೇಳಿದ: "ಉಣ್ಣೋರು ಇದ್ದ ಮನಿ ಹ್ಯಾಂಗ ಕೆಡವೋದು ವೈನಿ?"

ಮಾಣಿಕಮ್ಮ ಅಳಲಿಲ್ಲ. "ಎದ್ದೇಳು, ಮಳಿ ಬರ್ತದ. ಗುಂಡಿ ಮುಚ್ಚು," ಎಂದಳು.

ಗುತ್ತೇದಾರ ಬೇರೆ ಹೊಲ ನೋಡಿಕೊಂಡ. ಕಾಯಂ ಕೆಲಸ ಬಸಣ್ಣನಿಗೆ ಸಿಗಲಿಲ್ಲ. ಹಳೆಯ ಖಣಿಯಲ್ಲೇ ಮೊದಲಿನಂತೆ ದುಡಿದ, ಉಳಿದ ಹೊತ್ತು ಹೊಲದಲ್ಲಿ. ಇದನ್ನು ಮುಚ್ಚಿಟ್ಟರೆ ಕಥೆ ಪೂರ್ತಿ ಆಗುವುದಿಲ್ಲ. ಭಟ್ಟಿಯೂ ನಿಲ್ಲಲಿಲ್ಲ, ಧೂಳೂ ನಿಲ್ಲಲಿಲ್ಲ. ಸಾಹೇಬರು ಧೂಳಿಗೆ ಅಡ್ಡವಾಗಿ ಬೇಲಿಯ ಗುಂಟ ಹೊಂಗೆ ಮತ್ತು ಬೇವು ಹಚ್ಚಿಸಿದರು. ಭಟ್ಟಿಯ ಬದಿಯ ನೆಲದಲ್ಲಿ ಸುಣ್ಣದ ಹೆಪ್ಪು ಒಡೆದು, ಬಂಡಿಗಟ್ಟಲೆ ತಿಪ್ಪೆಗೊಬ್ಬರ ಹರವಿ, ಸೆಣಬು ಬಿತ್ತಿ, ಹೂ ಬಿಡುವ ಮೊದಲೇ ಅದನ್ನು ನೆಲಕ್ಕೆ ಉತ್ತು ಹಾಕಿ ಎಂದರು. ನೆರೆಯ ಒಳ್ಳೆಯ ಮಣ್ಣಿನ ಜೀವಿಗಳು ತಾವಾಗಿ ಬರಲು ಊಟ ನೀರು ಬೇಕು, ಅಷ್ಟೇ, ಎಂಬುದು ಅವರ ಮಾತು. ಒಂದು ವರ್ಷದಲ್ಲಿ ಏನೂ ಆಗಲಿಕ್ಕಿಲ್ಲ ಎಂದು ನಾನು ಅವರಿಗೆ ಹೇಳಿದೆ. ಎರಡು ವರ್ಷಕ್ಕೂ ಆಗಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮರುವರ್ಷ ಬೇಲಿಯ ಪಕ್ಕ ಮತ್ತೆ ಒಂದು ಪಟ್ಟಿ ಹೂತೆವು. ತೆಗೆಯುವ ದಿನಕ್ಕೆ ನಾನು ಹೋದರೆ ಮಾಣಿಕಮ್ಮ ಆಗಲೇ ಅಗೆದಿದ್ದಳು. ನನ್ನನ್ನು ಕಾಯುವಷ್ಟು ತಾಳ್ಮೆ ಇರಲಿಲ್ಲವಂತೆ. ಬಟ್ಟೆಯನ್ನು ಎರಡು ಕೈಯಲ್ಲಿ ಬಿಡಿಸಿ ಮುಖದ ಮುಂದೆ ಹಿಡಿದಳು. ಮುಕ್ಕಾಲು ಪಾಲು ಇನ್ನೂ ಗಟ್ಟಿಯಾಗಿಯೇ ಇತ್ತು. ನಡುವೆ ಒಂದು ತೂತು. ಆ ತೂತಿನಲ್ಲಿ ಅವಳ ಕಣ್ಣು.

"ಕಾಣಲಿಕತ್ತೀರಿ ಸಾಹೇಬ್ರ," ಎಂದಳು.

ಕಟ್ಟೆಯ ಮೇಲೆ ಕುಳಿತು ಅಲ್ಲಿಯೇ ವರದಿ ಬರೆದೆ. ಭಟ್ಟಿ ಬದಿಯ ಮಣ್ಣು, ಸೆಣಬು ಉತ್ತ ಮೇಲೆ, ಬಟ್ಟೆಯಲ್ಲಿ ನಾಲ್ಕು ಬೆರಳು ಅಗಲದ ತೂತು. ಅಲ್ಲಿಗೆ ವರದಿ ಚಿಕ್ಕದಾಯಿತೆನಿಸಿ ಇನ್ನೊಂದು ಸಾಲು ಸೇರಿಸಿದೆ: ಮುಂದಿನ ವರ್ಷ ಇನ್ನೂ ದೊಡ್ಡದಾಗಬಹುದು. ಬರೆದ ಮೇಲೆ ಎರಡು ಸಲ ಓದಿದೆ. ಹೊಡೆದುಹಾಕಬೇಕೆಂದು ಅನಿಸಲಿಲ್ಲ.